ಲಿನಿಯೇಜ್, ಗ್ರಾಫೀನ್, ಆಮೇಲೆ ಮನೆಯ ಸರ್ವರ್: ನನ್ನ ಹತ್ತಿರ ಉಳಿದಿದ್ದು ಯಾವುದು

ಕಸ್ಟಮ್ ರಾಮ್ (ROM: ಫೋನಿನ ಜೊತೆ ಬಂದ ಆಂಡ್ರಾಯ್ಡ್ ತೆಗೆದು ನಾವೇ ಹಾಕಿಕೊಳ್ಳುವ ಬೇರೆ ಆಂಡ್ರಾಯ್ಡ್) ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಬ್ಯಾಂಕಿನ ಆ್ಯಪ್ ಓಡುತ್ತಾ? ಅಂಥವೇ ಆದ ಲಿನಿಯೇಜ್ ಓಎಸ್, ಗ್ರಾಫೀನ್ ಓಎಸ್ ಎರಡನ್ನೂ ದಿನಬಳಕೆಗೆ ಇಟ್ಟುಕೊಂಡು ನೋಡಿದ್ದೇನೆ. ನನಗೆ ದೊಡ್ಡ ವ್ಯತ್ಯಾಸ ಕಂಡಿದ್ದೂ ಇಲ್ಲೇ.

ಲಿನಿಯೇಜ್ ಹಾಕಿದ ಮೇಲೆ ಹೆಚ್ಚಿನ ಫೋನುಗಳಲ್ಲಿ ಬೂಟ್‌ಲೋಡರ್ (ಫೋನ್ ಆನ್ ಆದಾಗ ಆಂಡ್ರಾಯ್ಡನ್ನು ಎಬ್ಬಿಸುವ ಪ್ರೋಗ್ರಾಂ) ಲಾಕ್ ಇಲ್ಲದೆ ತೆರೆದೇ ಇರುತ್ತದೆ. ಗೂಗಲ್‌ನ ಪ್ಲೇ ಇಂಟೆಗ್ರಿಟಿ ತಪಾಸಣೆ ಅದನ್ನು ಗುರುತಿಸುತ್ತದೆ, ಆ್ಯಪ್ ಬಾಗಿಲು ಹಾಕಿಕೊಳ್ಳುತ್ತದೆ. ರೂಟ್ ಮಾಡಿ (ಫೋನಿನ ಪೂರ್ತಿ ಅಧಿಕಾರ ಕೈಗೆ ತೆಗೆದುಕೊಂಡು), ಇದನ್ನು ಮರೆಮಾಚುವ ಮಾಡ್ಯೂಲ್ ಹಾಕಿ ಕಣ್ಣಿಗೆ ಮಣ್ಣೆರಚಬಹುದು. ಇವತ್ತು ನಡೆಯುತ್ತದೆ, ಇನ್ನೊಂದು ದಿನ ಕೈ ಕೊಡುತ್ತದೆ. ಹಣದ ವ್ಯವಹಾರಕ್ಕೆ ಈ ಆಟ ನನಗೆ ಬೇಡ.

ಗ್ರಾಫೀನ್‌ನಲ್ಲಿ ಇನ್‌ಸ್ಟಾಲ್ ಮುಗಿದ ಮೇಲೆ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡುತ್ತೇವೆ. ಫೋನ್ ಆನ್ ಆಗುವಾಗಲೆಲ್ಲ ಸಾಫ್ಟ್‌ವೇರನ್ನು ಯಾರಾದರೂ ತಿದ್ದಿದ್ದಾರಾ ಅಂತ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಹಾಗಂತ ಎಲ್ಲ ಆ್ಯಪ್ ಓಡುತ್ತವೆ ಅಂತಲ್ಲ. ಗೂಗಲ್‌ನ ಮುದ್ರೆ ಇರುವ ಸಾಫ್ಟ್‌ವೇರೇ ಬೇಕು ಅನ್ನುವ ಆ್ಯಪ್‌ಗಳು ಇಲ್ಲೂ ಒಪ್ಪುವುದಿಲ್ಲ. ನನ್ನ ಒಂದು ಬ್ಯಾಂಕಿನ ಆ್ಯಪ್ ತಕರಾರಿಲ್ಲದೆ ತೆರೆಯಿತು. ಇನ್ನೊಂದು ಎರಡೂ ಕಡೆ ಮುಖ ತಿರುಗಿಸಿತು. ಅದನ್ನು ಬ್ರೌಸರ್‌ನಲ್ಲೇ ನೋಡಿಕೊಳ್ಳುತ್ತೇನೆ.

ಇನ್ನು ಗೂಗಲ್ ಸೇವೆಗಳ ವಿಷಯ. ಲಿನಿಯೇಜ್‌ನಲ್ಲಿ ಅವು ಬೇಕಿದ್ದರೆ ಮೊದಲ ಸಲ ಬೂಟ್ ಮಾಡುವ ಮುಂಚೆಯೇ ಫ್ಲ್ಯಾಶ್ ಮಾಡಬೇಕು, ಅಂದರೆ ಫೋನಿನ ಸಿಸ್ಟಂ ಜಾಗಕ್ಕೇ ಬರೆಯಬೇಕು. ಆಮೇಲೆ ಅವು ಸಿಸ್ಟಂನ ಭಾಗವಾಗಿಬಿಡುತ್ತವೆ, ಅಧಿಕಾರವೂ ಅಷ್ಟೇ ಜಾಸ್ತಿ. ಗ್ರಾಫೀನ್‌ನಲ್ಲಿ ಪ್ಲೇ ಸರ್ವಿಸಸ್ ಅನ್ನುವುದು ಉಳಿದ ಆ್ಯಪ್‌ಗಳಂತೆ ಒಂದು ಆ್ಯಪ್, ಅಷ್ಟೇ. ಬೇಕಾದಾಗ ಹಾಕಿಕೊಳ್ಳಿ, ಬೇಡವಾದಾಗ ಕಿತ್ತುಹಾಕಿ. ನಾನು ಅದನ್ನು ಬೇರೆ ಪ್ರೊಫೈಲ್‌ನಲ್ಲಿ (ಅದೇ ಫೋನಿನೊಳಗಿನ ಪ್ರತ್ಯೇಕ ಖಾತೆ) ಕೂರಿಸಿದ್ದೇನೆ. ಯಾವುದಾದರೂ ಆ್ಯಪ್‌ಗೆ ಇಂಟರ್‌ನೆಟ್ಟೇ ಕೊಡದಿರಬಹುದು. ಫೋಟೋ ಎಲ್ಲ ತೋರಿಸು ಅಂತ ಹಟ ಮಾಡುವ ಆ್ಯಪ್‌ಗೆ ನಾವು ಆರಿಸಿದ ಕಡತಗಳನ್ನಷ್ಟೇ ತೋರಿಸಿ ಸುಮ್ಮನಾಗಿಸಬಹುದು. ಮುಖ್ಯ ಫೋನಿಗೆ ನನ್ನ ಆಯ್ಕೆ ಗ್ರಾಫೀನ್ ಆಗಿದ್ದು ಇದೊಂದಕ್ಕೇ.

ಆದರೆ ಅದಕ್ಕೆ ಪಿಕ್ಸೆಲ್ ಫೋನೇ ಬೇಕು, ಅದೂ ಬೂಟ್‌ಲೋಡರ್ ತೆರೆಯಲು ಬಿಡುವಂಥದ್ದು. ಗೂಗಲ್‌ನಿಂದ ಗೂಗಲ್‌ನ ಫೋನಿಗೇ ಓಡಿಹೋಗೋದು ತಮಾಷೆ ಅಲ್ವಾ! ಪಿಕ್ಸೆಲ್ 8ರಿಂದ ಈಚೆಗೆ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ ಹೇಳಿದೆ. ಗ್ರಾಫೀನ್‌ನ ಆಯುಸ್ಸೂ ಅದಕ್ಕೇ ಅಂಟಿಕೊಂಡಿದೆ.

ಲಿನಿಯೇಜ್ ಗೆಲ್ಲುವುದು ಹಳೆಯ ಫೋನಿನಲ್ಲಿ. 2016ರ ಕೊನೆಗೆ ಸೈನೋಜೆನ್‌ಮಾಡ್ ಅನ್ನುವ ಹಳೆಯ ಕಸ್ಟಮ್ ರಾಮ್ ಮುಚ್ಚಿದಾಗ ಅದರ ಕೋಡ್‌ನಿಂದಲೇ ಇದು ಶುರುವಾಯಿತು. ಕಂಪನಿ ಕೈಬಿಟ್ಟ ಎಷ್ಟೋ ಫೋನುಗಳು ಇದರಿಂದ ಇನ್ನೂ ಓಡುತ್ತಿವೆ. ಸೆಟ್ಟಿಂಗ್ಸ್‌ನಲ್ಲಿ ಮಾತ್ರ ಎರಡು ಭದ್ರತಾ ದಿನಾಂಕ ನೋಡಿ: ಆಂಡ್ರಾಯ್ಡ್‌ನದ್ದು ಹೊಸದಿರುತ್ತದೆ, ಫೋನ್ ತಯಾರಕರದ್ದು ಹಳೆಯದರಲ್ಲೇ ನಿಂತಿರಬಹುದು. ಮೋಡೆಮ್‌ನಂಥ ಭಾಗಗಳ ತೂತು ಮುಚ್ಚುವುದು ಲಿನಿಯೇಜ್ ಕೈಯಲ್ಲಿಲ್ಲ. ಅದಕ್ಕೇ ನನ್ನ ಹಳೆಯ ಫೋನ್ ಈಗ ಹಾಡು ಕೇಳಲು, ಓದಲು ಮಾತ್ರ. ಯಾವಾಗಲೂ ಚಾರ್ಜರ್‌ಗೆ ಅಂಟಿಕೊಂಡಿರುತ್ತದೆ, ಇಂತಿಷ್ಟೇ ಚಾರ್ಜ್ ಆಗಲಿ ಅಂತ ಮಿತಿ ಹಾಕಿಟ್ಟಿದ್ದೇನೆ.

ಗೂಗಲ್ ಬಿಟ್ಟ ಮೇಲೆ ಫೋಟೋ ಎಲ್ಲಿಡುವುದು? ಮನೆಯಲ್ಲೇ ಇಟ್ಟ ಒಂದು ಸಣ್ಣ ಸರ್ವರ್‌ನಲ್ಲಿ. ಅದರಲ್ಲಿ ಮೊದಲು ನೆಕ್ಸ್ಟ್‌ಕ್ಲೌಡ್ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಕಡತ, ಕ್ಯಾಲೆಂಡರ್, ಸಂಪರ್ಕಗಳು, ಟಿಪ್ಪಣಿ ಎಲ್ಲವೂ ಒಂದೇ ಸೂರಿನಡಿ. ಎಲ್ಲವೂ ಇದೆ, ಯಾವುದೂ ಚುರುಕಾಗಿಲ್ಲ. ನನ್ನ ಸಣ್ಣ ಯಂತ್ರದಲ್ಲಿ ಫೋಟೋ ಪುಟ ತೆರೆಯುವಾಗ ಬೇಸರ ಬರುತ್ತಿತ್ತು. ಅಪ್‌ಗ್ರೇಡ್ ಮಾಡುವಾಗ ದೊಡ್ಡ ಆವೃತ್ತಿಗಳನ್ನು ಹಾರಿಸುವ ಹಾಗಿಲ್ಲ. ಸ್ವಲ್ಪ ಕಾಲ ಮರೆತು ಬಿಟ್ಟರೆ ಒಂದೊಂದೇ ಮೆಟ್ಟಿಲು ಹತ್ತಬೇಕು.

ಇಮ್ಮಿಚ್ ಅನ್ನುವ ಸಾಫ್ಟ್‌ವೇರ್ ಫೋಟೋ ಒಂದನ್ನೇ ನೋಡಿಕೊಳ್ಳುತ್ತದೆ, ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಮುಖ ಗುರುತಿಸುವುದು, 'ಮಳೆ', 'ನಾಯಿ' ಅಂತ ಹುಡುಕುವುದು ಎಲ್ಲ ನಮ್ಮ ಯಂತ್ರದಲ್ಲೇ ನಡೆಯುತ್ತದೆ, ಯಾವ ಚಿತ್ರವೂ ಹೊರಗೆ ಹೋಗುವುದಿಲ್ಲ. ಶುರುವಿನ ವರ್ಷಗಳಲ್ಲಿ ಅಪ್‌ಡೇಟ್ ಅಂದರೆ ಎದೆ ಢವಢವ. ಅಕ್ಟೋಬರ್ 2025ರಲ್ಲಿ ಸ್ಥಿರ ಆವೃತ್ತಿ 2.0 ಬಂದ ಮೇಲೆ ನೆಮ್ಮದಿ. ಬ್ಯಾಕಪ್ ತೆಗೆಯುವವರು ಫೋಟೋ ಫೋಲ್ಡರ್ ಜೊತೆ ಡೇಟಾಬೇಸನ್ನೂ ಸೇರಿಸಿಕೊಳ್ಳಬೇಕು. ಆಲ್ಬಮ್, ಮುಖಗಳ ಹೆಸರು ಎಲ್ಲ ಇರುವುದು ಅಲ್ಲೇ.

ಫೋನ್, ಕಂಪ್ಯೂಟರ್‌ಗಳಲ್ಲಿ ಒಂದೇ ಕಡತಗಳನ್ನು ಹೊಂದಿಸಿಡುವ ಸಿಂಕ್‌ಥಿಂಗ್‌ಗೆ ಸರ್ವರ್ರೇ ಬೇಡ, ಯಂತ್ರಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಟಿಪ್ಪಣಿಗೆ, ಪಾಸ್‌ವರ್ಡ್ ಕಡತಕ್ಕೆ ಇದಕ್ಕಿಂತ ಸರಳ ಬೇರೆ ಸಿಗಲಿಲ್ಲ. ಆದರೆ ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ, ಹಾಗಾಗಿ ಇದನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ. ಹಳೆಯ ಪ್ರತಿ ಉಳಿಸುವ ಆಯ್ಕೆ ಇದೆ, ಆನ್ ಮಾಡಿಕೊಳ್ಳಿ. ಆಂಡ್ರಾಯ್ಡ್‌ನ ಅಧಿಕೃತ ಆ್ಯಪ್ 2024ರ ಕೊನೆಗೆ ನಿಂತುಹೋಯಿತು. ನಾನು ಬಳಸುವುದು ಅದರ ಫೋರ್ಕ್, ಅಂದರೆ ಅದೇ ಕೋಡ್‌ನಿಂದ ಬೇರೆಯವರು ಮಾಡಿದ ಆ್ಯಪ್.

ಸಂಪರ್ಕ, ಕ್ಯಾಲೆಂಡರ್‌ಗೆ ರಾಡಿಕೇಲ್ ಅನ್ನುವ ಪುಟ್ಟ ಸರ್ವರ್ ಸಾಕಾಯಿತು. ಹೊರಗಿನಿಂದ ಇದಕ್ಕೆಲ್ಲ ತಲುಪುವುದು ವೈರ್‌ಗಾರ್ಡ್ ಅನ್ನುವ ವಿಪಿಎನ್ (ಖಾಸಗಿ ಸುರಂಗದಂಥ ಸಂಪರ್ಕ) ಮೂಲಕ ಮಾತ್ರ, ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿಟ್ಟಿಲ್ಲ. ನೆಕ್ಸ್ಟ್‌ಕ್ಲೌಡ್ ಅನ್ನು ತೆಗೆದುಹಾಕಿದೆ. ಮತ್ತೆ ಹಾಕುವುದಿದ್ದರೆ ನಾಲ್ಕಾರು ಜನ ಸೇರಿ ಒಂದೇ ದಾಖಲೆ ತಿದ್ದುವ ಕೆಲಸ ಬಂದಾಗಲೇ.