ಪ್ರಾಜೆಕ್ಟಿನ ಬಿಡಿಭಾಗ: ಅಗ್ಗದ ಆನ್‌ಲೈನ್ ಮಾರುಕಟ್ಟೆಯೋ, ಅಧಿಕೃತ ವಿತರಕರೋ, ಗುಜರಿಯೋ?

ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ನಾವು ನಾಲ್ವರು ಸೇರಿ ನಾಲ್ಕು ಸಣ್ಣ ಸರ್ವೋಗಳ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರುಗಳ) ರೋಬೊ ತೋಳೊಂದನ್ನು ಕಟ್ಟಿದೆವು. ಬಿಡಿಭಾಗಗಳು ಮೂರು ಕಡೆಯಿಂದ ಬಂದವು. ಮತ್ತೊಮ್ಮೆ ಕಟ್ಟುವುದಾದರೆ ವಿದ್ಯುತ್ ಪೂರೈಕೆಗೆ ಸಂಬಂಧಿಸಿದ ಪ್ರತಿಯೊಂದು ಭಾಗವನ್ನೂ ಅಧಿಕೃತ ವಿತರಕರಿಂದಲೇ ತರಿಸುತ್ತೇನೆ. ಎರಡು ವಾರ ಕಳೆದುಕೊಂಡವನ ಮಾತಿದು.

ಎಡವಿದ್ದು ಹೆಬ್ಬೆರಳಿನಷ್ಟು ಗಾತ್ರದ ವಸ್ತುವಿನಲ್ಲಿ. ಮೂರು 18650 ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದೆವು. ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್. ಅದನ್ನು 5 ವೋಲ್ಟಿಗೆ ಇಳಿಸಲು ಎಲ್‌ಎಂ2596 ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಮಾಡ್ಯೂಲ್) ಬೇಕಿತ್ತು. ವಿತರಕರಲ್ಲಿ ಅದರ ಬರೀ ಐಸಿಗೆ, ಅಂದರೆ ಚಿಪ್ಪಿಗೆ, ಇದ್ದ ಬೆಲೆಗಿಂತ ಕಡಿಮೆಗೆ ಆನ್‌ಲೈನ್ ಮಾರುಕಟ್ಟೆಯಲ್ಲಿ ಇಡೀ ಮಾಡ್ಯೂಲೇ ಸಿಗುತ್ತಿತ್ತು. ಆ ಲೆಕ್ಕ ಹೇಗೆ ಸರಿಹೋಗುತ್ತದೆ ಎಂದು ಅಂದೇ ಕೇಳಿಕೊಳ್ಳಬೇಕಿತ್ತು. ಐದರ ಕಟ್ಟೊಂದನ್ನು ತರಿಸಿದೆವು.

ತೋಳು ಬರಿಗೈಯಲ್ಲಿ ಚೆನ್ನಾಗಿ ಆಡುತ್ತಿತ್ತು. ಭಾರ ಎತ್ತಿಸಿ ಒಂದೆರಡು ನಿಮಿಷ ಕಳೆದರೆ ತೋಳನ್ನು ನಿಯಂತ್ರಿಸುವ ಇಎಸ್‌ಪಿ32 ಬೋರ್ಡ್ ತಾನಾಗಿಯೇ ರೀಸೆಟ್ ಆಗುತ್ತಿತ್ತು. ಮೊದಲು ಕೋಡಿನ ಮೇಲೆ ಅನುಮಾನ. ಮೂರು ದಿನ ಅದರಲ್ಲೇ ಹೋಯಿತು. ಆಮೇಲೆ ವೈರುಗಳನ್ನು ದಪ್ಪ ಮಾಡಿದೆವು, ಸರ್ವೋಗಳ ಪಕ್ಕ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆವು. ಸೀರಿಯಲ್ ಮಾನಿಟರಿನಲ್ಲಿ ಬ್ರೌನ್‌ಔಟ್ (ವೋಲ್ಟೇಜ್ ಸಾಲದು ಎಂಬ) ಸಂದೇಶ ನಿಲ್ಲಲಿಲ್ಲ. ವೋಲ್ಟೇಜ್ ಕುಸಿಯುತ್ತಿದೆ ಎಂದು ಬೋರ್ಡ್ ಹೇಳುತ್ತಿತ್ತು, 5 ವೋಲ್ಟ್ ಸರಿಯಾಗಿಯೇ ಇದೆ ಎಂದು ಮಲ್ಟಿಮೀಟರ್ ಹೇಳುತ್ತಿತ್ತು. ಕ್ಷಣಮಾತ್ರದ ಕುಸಿತವನ್ನು ಹಿಡಿಯುವಷ್ಟು ವೇಗ ಮಲ್ಟಿಮೀಟರಿಗೆ ಇರುವುದಿಲ್ಲ.

ಕೊನೆಗೆ ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ತೋರಿಸುವ ಪ್ರಯೋಗಾಲಯದ ಆಸಿಲೋಸ್ಕೋಪಿನ ಪ್ರೋಬನ್ನು ಐಸಿಯ ಔಟ್‌ಪುಟ್ ಪಿನ್ನಿಗೆ ಹಿಡಿದೆವು. ತಯಾರಕರ ಡೇಟಾಶೀಟಿನ ಪ್ರಕಾರ ಎಲ್‌ಎಂ2596 ಸ್ವಿಚ್ ಆಗಬೇಕಾದದ್ದು (ಆನ್-ಆಫ್ ಆಗಬೇಕಾದದ್ದು) 150 ಕಿಲೋಹರ್ಟ್ಜ್‌ನಲ್ಲಿ. ನಮ್ಮದು 50ರ ಆಸುಪಾಸಿನಲ್ಲಿತ್ತು. ಮೇಲೆ ಅಚ್ಚಾದ ಹೆಸರು ಒಂದು, ಒಳಗಿದ್ದ ಚಿಪ್ ಬೇರೊಂದು. ಆವರ್ತನ ಮೂರನೇ ಒಂದು ಭಾಗಕ್ಕೆ ಇಳಿದರೆ ಮಾಡ್ಯೂಲಿನ ಅದೇ ಇಂಡಕ್ಟರಿನಲ್ಲಿ (ತಂತಿ ಸುರುಳಿಯಲ್ಲಿ) ಕರೆಂಟಿನ ಏರಿಳಿತ ಮೂರು ಪಟ್ಟಾಗುತ್ತದೆ. ಐಸಿ ಮುಟ್ಟಲಾಗದಷ್ಟು ಕಾಯುತ್ತಿತ್ತು, ಕಾದು ಕ್ಷಣಕಾಲ ಕೈಬಿಡುತ್ತಿತ್ತು. ಐದಕ್ಕೆ ಐದೂ ಹೀಗೆಯೇ ಇದ್ದವು.

ವಿತರಕರಿಂದ ಐಸಿಯನ್ನಷ್ಟೇ ತರಿಸಿ, ಹಾಟ್ ಏರ್‌ನಿಂದ ಹಳೆಯದನ್ನು ಕಿತ್ತು, ಅದೇ ಮಾಡ್ಯೂಲಿನ ಮೇಲೆ ಬೆಸುಗೆ ಹಾಕಿದೆವು. ಉಳಿದ ಯಾವುದನ್ನೂ ಬದಲಿಸಲಿಲ್ಲ. ರೀಸೆಟ್ ನಿಂತಿತು.

ವಿತರಕರಲ್ಲಿ ಕೈ ಕಚ್ಚುವುದು ಸಾಗಣೆ ವೆಚ್ಚ: ನಮ್ಮ ಮೊದಲ ಪಟ್ಟಿಯಲ್ಲಿ ಅದು ಭಾಗಗಳ ಒಟ್ಟು ಬೆಲೆಯನ್ನೇ ಮೀರುತ್ತಿತ್ತು. ಇನ್ನೆರಡು ತಂಡಗಳನ್ನು ಸೇರಿಸಿಕೊಂಡು ಒಂದೇ ಆರ್ಡರ್ ಹಾಕಿದೆವು. ಹತ್ತರ ಲೆಕ್ಕದಲ್ಲಿ ಕೊಂಡದ್ದರಿಂದ ಬಿಡಿಬೆಲೆಯೂ ಇಳಿಯಿತು. ಪಟ್ಟಿ ಮಾಡುವಾಗ ಚಿಪ್ಪಿನ ಪ್ಯಾಕೇಜ್ (ಹೊರಕವಚದ ಬಗೆ) ಯಾವುದೆಂದು ನೋಡಿಕೊಳ್ಳಿ. ಎಸ್‌ಒಐಸಿ ಎಂಬ ಪ್ಯಾಕೇಜಿನ ಪಿನ್ ಅಂತರ 1.27 ಮಿಲಿಮೀಟರ್, ಬೆಸುಗೆಯಿಲ್ಲದೆ ಜೋಡಿಸುವ ಬ್ರೆಡ್‌ಬೋರ್ಡಿನದು 2.54; ನೇರವಾಗಿ ಕೂರುವುದಿಲ್ಲ.

ಗುಜರಿಯನ್ನು ನಾನು ಬಿಡುವವನಲ್ಲ. ಹಳೆಯ ಪ್ರಿಂಟರ್ ಒಂದರಿಂದ ಸ್ಟೆಪ್ಪರ್ ಮೋಟಾರ್, ನುಣುಪಾದ ಉಕ್ಕಿನ ಸರಳು, ಹಲ್ಲಿನ ಬೆಲ್ಟ್ ಸಿಕ್ಕವು. ಹೊಸದಾಗಿ ಕೊಂಡಿದ್ದರೆ ನಮ್ಮ ಬಜೆಟ್ಟಿನ ಅರ್ಧ ಅದಕ್ಕೇ ಹೋಗುತ್ತಿತ್ತು. ಮೋಟಾರಿನ ಯಾವ ತಂತಿ ಯಾವ ಕಾಯಿಲಿನದು ಎಂದು ಮಲ್ಟಿಮೀಟರಿನ ರೋಧ ಅಳತೆಯಿಂದಲೇ ಪತ್ತೆ ಮಾಡಬಹುದು. ಆದರೆ ಕೆಟ್ಟರೆ ಅಂಥದ್ದೇ ಇನ್ನೊಂದು ಸಿಗುವ ಭರವಸೆಯಿಲ್ಲ. ಪವರ್ ಸಪ್ಲೈಗಳನ್ನು ಬಿಚ್ಚುವವರು ಎಚ್ಚರ: ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ನಾನು ಕೆಲಸಕ್ಕೆ ಕೂರುವುದು ರಾತ್ರಿ, ಸಾಮಾನ್ಯವಾಗಿ ಒಬ್ಬನೇ. ತಪ್ಪು ನನ್ನ ಕೋಡಿನದೋ ಭಾಗದ್ದೋ ಎಂಬ ಅನುಮಾನ ಆ ಹೊತ್ತಿನಲ್ಲಿ ನನಗೆ ತಡೆಯಲಾಗದು. ಅದನ್ನು ತಪ್ಪಿಸಿಕೊಳ್ಳಲು ಹೆಚ್ಚು ಹಣ ಕೊಡಲು ಸಿದ್ಧ. ಕೈಯಲ್ಲಿ ತಿಂಗಳುಗಳ ಸಮಯ, ಮೇಜಿನ ಮೇಲೆ ಸ್ವಂತ ಆಸಿಲೋಸ್ಕೋಪ್ ಇರುವವರಿಗೆ ಅಗ್ಗದ ಮಾಡ್ಯೂಲೂ ಆದೀತು. ಜಂಪರ್ ವೈರು, ಸ್ಕ್ರೂ, ಎಲ್‌ಇಡಿಗಳನ್ನು ನಾನೂ ಆನ್‌ಲೈನ್ ಮಾರುಕಟ್ಟೆಯಿಂದಲೇ ತರಿಸುತ್ತೇನೆ.

ಈಗ ನಮ್ಮ ಖರ್ಚಿನ ಪಟ್ಟಿಯಲ್ಲಿ ಬೆಲೆಯ ಪಕ್ಕ ಇನ್ನೊಂದು ಅಂಕಣವಿದೆ: ಸುಟ್ಟುಹೋದರೆ ಮತ್ತೊಂದು ಬರಲು ಎಷ್ಟು ದಿನ? ಒಂದು ವಾರ ಮೀರುವುದಾದರೆ ಅದನ್ನು ಮೊದಲೇ ಎರಡು ತರಿಸುತ್ತೇವೆ.