ಭಾರ ಕೇಳದೆ ಎತ್ತರ ಮಾರುವವರ ಬಗ್ಗೆ ಎಚ್ಚರ

ಪಿಕಪ್ ಗಾಡಿಯ ಸಸ್ಪೆನ್ಷನ್ (ಚಕ್ರಕ್ಕೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗ್ ಜೋಡಣೆ) ಎತ್ತರಿಸುವ ಯೋಚನೆಯಲ್ಲಿರುವ ಕರಾವಳಿಯವರು, ಮುಖ್ಯವಾಗಿ ತೋಟದ ಕೆಲಸಕ್ಕೆ ಗಾಡಿ ಇಟ್ಟುಕೊಂಡವರು, ಮುಂಗಡ ಕೊಡುವ ಮೊದಲು ಇದನ್ನು ಪೂರ್ತಿ ಓದಬೇಕೆಂದು ನನ್ನ ವಿನಂತಿ. ಮಂಗಳೂರಿನ ಹೊರವಲಯದ ಒಂದು ಗ್ಯಾರೇಜಿನಲ್ಲಿ ನಮ್ಮ ಗಾಡಿಗೆ ಮಾಡಿದ ಲಿಫ್ಟ್ ಕೆಲಸ, ಆಗುಂಬೆ ಘಾಟಿಯಲ್ಲಿ ನನ್ನ ಮತ್ತು ನನ್ನ ತಮ್ಮನ ಜೀವಕ್ಕೇ ಸಂಚಕಾರ ತರುವುದರಲ್ಲಿತ್ತು. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಇಂಥ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ. ಕೆಲಸದ ರೀತಿ ಗೊತ್ತಾದರೆ ಯಾವ ಊರಿನಲ್ಲಿಯೂ ಗುರುತಿಸಬಹುದು.

ನಮ್ಮದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. ಹೆಬ್ರಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಇಳಿಯುವ ಮಣ್ಣಿನ ದಾರಿಯಲ್ಲಿ ಒಂದು ಕಡಿದಾದ ಚಡಾವಿದೆ. ಮಳೆಗಾಲದ ನೀರು ಎರಡೂ ಬದಿಯ ಮಣ್ಣನ್ನು ಕೊಚ್ಚಿಕೊಂಡು ಹೋಗಿ, ನಡುವೆ ಮುರಕಲ್ಲಿನ ದಿಣ್ಣೆ ಏಳುತ್ತದೆ. ಹೊರೆ ಹೇರಿದ ಗಾಡಿಯ ಅಡಿಭಾಗ ಅಲ್ಲಿ ಉಜ್ಜುತ್ತಿತ್ತು. ಗ್ಯಾರೇಜಿನ ಯಜಮಾನರಿಗೆ ಇದನ್ನೆಲ್ಲ ವಿವರಿಸಿದೆವು. ಗೊಬ್ಬರ, ಹಿಂಡಿ, ಅಡಿಕೆ ಮೂಟೆ ಹೇರುವ ಗಾಡಿ, ಘಾಟಿಯನ್ನೂ ಹತ್ತಿ ಇಳಿಯುತ್ತದೆ ಎಂದೂ ಹೇಳಿದೆವು. ಅವರು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಇಂಚು ಬೇಕು ಅಣ್ಣಾ?” ಎರಡು ಸಾಕೆಂದೆವು. “ಮೂರು ಮಾಡಿಸಿ, ಎರಡು ಇಂಚು ಕಣ್ಣಿಗೇ ಕಾಣುವುದಿಲ್ಲ” ಎಂದರು. ಬೇಡವೆಂದು ಹೇಳಿ ಬಂದೆವು. ಗಾಡಿ ಕೈಗೆ ಬಂದಾಗ ಹಿಂಭಾಗ ಮೂರಕ್ಕಿಂತ ಹೆಚ್ಚೇ ಎದ್ದಿತ್ತು. ಕೇಳಿದರೆ, “ಹೊರೆ ಹಾಕಿದಾಗ ಕೂರುತ್ತದೆ, ನೀವು ತಲೆಬಿಸಿ ಮಾಡಬೇಡಿ.” ಆರ್‌ಟಿಒ ವಿಷಯ ಎತ್ತಿದಾಗಲೂ ಇದೇ ಉತ್ತರ: ತಲೆಬಿಸಿ ಬೇಡ, ಏನಿದ್ದರೂ ನಾವು ನೋಡಿಕೊಳ್ಳುತ್ತೇವೆ.

ಅವರು ಕೆಳಗೆ ಏನು ಮಾಡಿದ್ದರು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೋಸ ನಡೆಯುವುದು ಅಲ್ಲಿಯೇ.

ವಿ-ಕ್ರಾಸ್‌ನಂಥ ಪಿಕಪ್‌ಗಳಲ್ಲಿ ಮುಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್, ಮೇಲೊಂದು ಕೆಳಗೊಂದು ಆರ್ಮ್ (ಚಕ್ರವನ್ನು ಹಿಡಿದು ಏರಿಳಿಯಲು ಬಿಡುವ ತೋಳು) ಇರುತ್ತವೆ. ಹಿಂದೆ ಎರಡೂ ಚಕ್ರಗಳನ್ನು ಜೋಡಿಸುವ ಗಟ್ಟಿ ಆ್ಯಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗ್ ಪ್ಲೇಟುಗಳ ಕಟ್ಟು. ಮುಂಭಾಗವನ್ನು ಎತ್ತಲು ಅಗ್ಗದ ದಾರಿ ಸ್ಪೇಸರ್. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆಯ ತಲೆಯ ಮೇಲೆ ಒಂದು ದಪ್ಪ ಬಿಲ್ಲೆ ಕೂರಿಸಿ ಬೋಲ್ಟ್ ಬಿಗಿಯುವುದು, ಅಷ್ಟೇ. ಈ ಜೋಡಣೆಯ ಬುಡ ಕೆಳಗಿನ ಆರ್ಮ್‌ನ ನಡುಭಾಗಕ್ಕೆ ಕೂತಿರುವುದರಿಂದ ಬಿಲ್ಲೆಯ ದಪ್ಪಕ್ಕಿಂತ ಹೆಚ್ಚು, ಹಲವು ಗಾಡಿಗಳಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು, ಎತ್ತರ ಚಕ್ರದ ಬಳಿ ಸಿಗುತ್ತದೆ. ಮಾರುವವನಿಗೆ ಇದು ಲಾಭ. ಆದರೆ ಅಷ್ಟೇ ಪ್ರಮಾಣದಲ್ಲಿ ಆರ್ಮ್‌ಗಳು ಕೆಳಕ್ಕೆ ವಾಲುತ್ತವೆ, ಆರ್ಮಿನ ತುದಿಯಲ್ಲಿ ಚಕ್ರದ ಕಡೆ ತಿರುಗುವ ಬಾಲ್ ಜಾಯಿಂಟು ತನ್ನ ಮಿತಿಯ ಹತ್ತಿರ ಬಂದು ನಿಲ್ಲುತ್ತದೆ, ಚಕ್ರಕ್ಕೆ ಶಕ್ತಿ ಕೊಡುವ ಡ್ರೈವ್ ಶಾಫ್ಟಿನ ಸಿ.ವಿ. ಜಾಯಿಂಟು ಸದಾ ಓರೆಯಾಗಿ ತಿರುಗಬೇಕಾಗುತ್ತದೆ. ಚಕ್ರ ಹೊಂಡಕ್ಕೆ ಇಳಿದು ಪೂರ್ತಿ ಜೋತುಬಿದ್ದಾಗ ಈ ಓರೆ ಇನ್ನೂ ಹೆಚ್ಚು.

ನಮ್ಮ ಗಾಡಿಯಲ್ಲಿ ಮೊದಲು ಕೆಟ್ಟದ್ದು ಸ್ಟೀರಿಂಗಿನ ಹದ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಡುಬಿದ್ರಿ, ಮುಲ್ಕಿ ಕಡೆ ವೇಗವಾಗಿ ಹೋಗುವಾಗ ಗಾಡಿ ನೇರ ನಿಲ್ಲದೆ ಅತ್ತಿತ್ತ ಅಲೆಯತೊಡಗಿತು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನಡುವಿಗೆ ಮರಳುತ್ತಿರಲಿಲ್ಲ. ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಅಲ್ಲಿನ ಹುಡುಗ ಪರದೆ ತೋರಿಸಿದ: ಕ್ಯಾಸ್ಟರ್, ಅಂದರೆ ಗಾಡಿಯನ್ನು ನೇರ ಓಡಿಸುವ, ಸ್ಟೀರಿಂಗನ್ನು ನಡುವಿಗೆ ಮರಳಿಸುವ ಚಕ್ರದ ಕೋನ, ಎರಡೂ ಬದಿ ಕೆಂಪು. ಸರಿಪಡಿಸಲು ಬೋಲ್ಟಿನಲ್ಲಿ ಜಾಗವೇ ಉಳಿದಿಲ್ಲ ಎಂದ. ಎತ್ತರಕ್ಕೆ ಹೊಂದುವ ಬೇರೆ ಅಳತೆಯ ಮೇಲಿನ ಆರ್ಮ್ ಹಾಕದೆ ಇದು ಸರಿಯಾಗುವುದಿಲ್ಲ ಎಂಬ ಮಾತನ್ನು ಗ್ಯಾರೇಜಿನವರು ಹೇಳಿರಲೇ ಇಲ್ಲ. ಮುಂದಿನ ಟೈರುಗಳ ಹೊರ ಅಂಚು ಬೇಗ ಸವೆಯಿತು. ಆಮೇಲೆ ಒಂದು ಸಿ.ವಿ. ಜಾಯಿಂಟಿನ ರಬ್ಬರ್ ಬೂಟು ಹರಿದು ಚಕ್ರದ ಒಳಬದಿಗೆಲ್ಲ ಗ್ರೀಸ್ ಸಿಡಿಯಿತು. ನಮ್ಮ ಮಳೆಗೆ ಬೂಟು ಹರಿದ ಜಾಯಿಂಟು ಉಳಿಯುವುದಿಲ್ಲ. ಕೆಸರು ನೀರು ಒಳಗೆ ಹೋದರೆ ಮುಗಿಯಿತು. ರಾತ್ರಿ ಎದುರಿನಿಂದ ಬರುವವರು ಲೈಟು ಮಿನುಗಿಸಿ ಬೈಯುವುದೂ ಶುರುವಾಯಿತು, ಏಕೆಂದರೆ ಹೆಡ್‌ಲೈಟಿನ ದಿಕ್ಕನ್ನು ಮರುಹೊಂದಿಸಿರಲಿಲ್ಲ.

ಇವೆಲ್ಲ ಖರ್ಚಿನ ವಿಷಯ. ಜೀವಕ್ಕೆ ಕುತ್ತು ಇದ್ದದ್ದು ಗಾಡಿಯ ಹಿಂಭಾಗದಲ್ಲಿ.

ತೀರ್ಥಹಳ್ಳಿ ಕಡೆಯಿಂದ ಕುರಿಗೊಬ್ಬರ ಹೇರಿಕೊಂಡು ಆಗುಂಬೆ ಇಳಿಯುತ್ತಿದ್ದೆವು. ತಮ್ಮ ಓಡಿಸುತ್ತಿದ್ದ. ಆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಚಿಕ್ಕಂದಿನಿಂದ ಬಲ್ಲವನು ಅವನು; ಎರಡನೇ ಗೇರಿನಲ್ಲಿ ನಿಧಾನವಾಗಿಯೇ ಬರುತ್ತಿದ್ದ. ಒಂದು ತಿರುವಿಗೆ ಮೊದಲು ಬ್ರೇಕ್ ಒತ್ತಿದಾಗ ಹಿಂದೆ ಧಡ್ ಎಂದಿತು. ಸ್ಟೀರಿಂಗ್ ನೇರ ಇದ್ದರೂ ಗಾಡಿಯ ಹಿಂಭಾಗ ಒಂದು ಬದಿಗೆ ಎಳೆಯಿತು. ಅವನು ಗಾಬರಿಯಾಗದೆ ಗುಡ್ಡದ ಬದಿಗೆ ಒರಗಿಸಿ ನಿಲ್ಲಿಸಿದ. ಇಳಿದು ನೋಡಿದರೆ ಎಡಗಡೆಯ ಹಿಂಚಕ್ರ ತನ್ನ ಜಾಗ ಬಿಟ್ಟು ಹಿಂದಕ್ಕೆ ಸರಿದು ಮಡ್‌ಗಾರ್ಡಿಗೆ ತಾಗುವಷ್ಟಾಗಿತ್ತು. ಹಿಂಭಾಗ ಎತ್ತಲೆಂದು ಆ್ಯಕ್ಸಲ್ ಮತ್ತು ಲೀಫ್ ಪ್ಲೇಟಿನ ನಡುವೆ ಗ್ಯಾರೇಜಿನವರು ಇಟ್ಟಿದ್ದ ಕಬ್ಬಿಣದ ಬ್ಲಾಕು ಅರ್ಧ ಹೊರಗೆ ಜಾರಿತ್ತು. ಬ್ರೇಕ್ ಹೋಸ್ (ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಕೊಳವೆ) ತಂತಿಯಂತೆ ಬಿಗಿದು ನಿಂತಿತ್ತು. ಅದು ಕಿತ್ತಿದ್ದರೆ ಮುಂದಿನ ತಿರುವಿನಲ್ಲಿ ಏನಾಗುತ್ತಿತ್ತೋ, ಅದನ್ನು ನೆನೆಯಲು ಇಂದಿಗೂ ನನಗೆ ಧೈರ್ಯವಿಲ್ಲ.

ಗಾಡಿಯನ್ನು ಎಳೆಸಿಕೊಂಡು ಉಡುಪಿಯ ಒಬ್ಬ ಹಿರಿಯ ಮೆಕ್ಯಾನಿಕ್‌ರ ಬಳಿಗೆ ತಂದೆವು. ಅವರು ಬಿಚ್ಚಿದ ಒಂದೊಂದನ್ನೂ ಕೈಗೆ ಕೊಟ್ಟು ತೋರಿಸಿದರು. ಬ್ಲಾಕು ಎರಕದ್ದೂ ಅಲ್ಲ, ಗಟ್ಟಿ ಉಕ್ಕಿನದ್ದೂ ಅಲ್ಲ. ಚೌಕದ ಪೈಪಿಗೆ ಎರಡು ಬದಿ ತಗಡು ಬೆಸೆದದ್ದು, ಒಳಗೆ ಪೊಳ್ಳು, ಬೆಸುಗೆಯ ಗುಂಟ ಬಿರುಕು. ಬ್ಲಾಕಿನಿಂದಾಗಿ ಆ್ಯಕ್ಸಲನ್ನೂ ಪ್ಲೇಟುಗಳನ್ನೂ ಸೇರಿಸಿ ಬಿಗಿಯಲು ಉದ್ದದ ಯು-ಬೋಲ್ಟ್ ಬೇಕಲ್ಲ, ಅದಕ್ಕೆ ಸಾಮಾನ್ಯ ಸರಳು ಬಗ್ಗಿಸಿ ಥ್ರೆಡ್ ಹಾಕಿದ್ದರು. ಸರಳು ಹಿಗ್ಗಿ ನಟ್ಟುಗಳು ಸಡಿಲವಾಗಿದ್ದವು. ಆ್ಯಕ್ಸಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದು ಯು-ಬೋಲ್ಟಿನ ಬಿಗಿತ. ನಡುವಿನ ಸೆಂಟರ್ ಬೋಲ್ಟು ಜಾಗ ತೋರಿಸಲು ಮಾತ್ರ. ಬಿಗಿತ ಹೋದೊಡನೆ ಬ್ರೇಕಿನ ಪೂರ್ತಿ ಹೊಡೆತ ಆ ಸಣ್ಣ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗಿತ್ತು. ಬ್ಲಾಕು ಎತ್ತರವಾದಷ್ಟೂ ಬ್ರೇಕ್ ಹಾಕುವಾಗ, ಚಡಾವು ಹತ್ತುವಾಗ ಆ್ಯಕ್ಸಲ್ ತಿರುಚಿಕೊಂಡು ಪ್ಲೇಟುಗಳನ್ನು ಬಳುಕಿಸುತ್ತದೆ ಎಂದೂ ಅವರು ವಿವರಿಸಿದರು. ಹೊರೆ ಹೊರುವ ಗಾಡಿಗೆ ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಮಂಗಳೂರಿನ ಗ್ಯಾರೇಜಿಗೆ ಫೋನ್ ಮಾಡಿದಾಗ ಬಂದ ಉತ್ತರ, “ಓವರ್‌ಲೋಡ್ ಮಾಡಿದ್ದೀರಿ.” ಗೊಬ್ಬರ ತೂಗಿಸಿದ ಚೀಟಿ ನಮ್ಮ ಬಳಿ ಇತ್ತು, ಹೊರೆ ಆರ್‌ಸಿಯಲ್ಲಿರುವ ಮಿತಿಯೊಳಗೇ ಇತ್ತು. ಚೀಟಿಯ ಚಿತ್ರ ಕಳುಹಿಸಿದ ಮೇಲೆ ಫೋನ್ ಎತ್ತಲಿಲ್ಲ. ಅವರು ಕೊಟ್ಟ ಬಿಲ್ಲಿನಲ್ಲಿ ‘ಆ್ಯಕ್ಸೆಸರೀಸ್ ಮತ್ತು ಕೂಲಿ’ ಎಂಬ ಒಂದೇ ಸಾಲು. ಬ್ಲಾಕಿನ ಹೆಸರಿಲ್ಲ, ಸ್ಪೇಸರಿನ ಅಳತೆ ಇಲ್ಲ. ಇಂಥ ಬಿಲ್ಲನ್ನು ದಯವಿಟ್ಟು ಯಾರೂ ಸ್ವೀಕರಿಸಬೇಡಿ. ಉಡುಪಿಯ ಮೆಕ್ಯಾನಿಕ್‌ರಿಂದ ಲಿಖಿತ ವರದಿ ಮತ್ತು ಬಿಚ್ಚಿದ ಭಾಗಗಳ ಚಿತ್ರಗಳನ್ನು ಇಟ್ಟುಕೊಂಡು ಗ್ರಾಹಕ ಆಯೋಗಕ್ಕೆ ದೂರು ಸಿದ್ಧಪಡಿಸುತ್ತಿದ್ದೇವೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು.

ಇನ್ನು ಆ ‘ನಾವು ನೋಡಿಕೊಳ್ಳುತ್ತೇವೆ’ ಎಂಬ ಮಾತು. ಯಾರೂ ನೋಡಿಕೊಳ್ಳಲು ಸಾಧ್ಯವಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಗಮನಿಸಿ, ಮಾಲೀಕನಿಗೆ. ಅಪಘಾತವಾದರೆ ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಕ್ಲೇಮಿಗೂ ಅಡ್ಡ ಬರಬಹುದು. ಹಾಗಾಗಿ ಆರ್‌ಟಿಒ ಕಚೇರಿಯಲ್ಲಿ ನೀವೇ ಹೋಗಿ ಕೇಳಿ, ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಆಮೇಲೆ ಗ್ಯಾರೇಜಿನ ಮಾತು.

ಒಂದು ಸಂಗತಿ ನನ್ನನ್ನು ಇಂದಿಗೂ ಸಿಟ್ಟಿಗೇಳಿಸುತ್ತದೆ. ನಮ್ಮ ಚಡಾವಿನ ದಿಣ್ಣೆಗೆ ಮುಖ್ಯವಾಗಿ ತಾಗುತ್ತಿದ್ದದ್ದು ಹಿಂದಿನ ಆ್ಯಕ್ಸಲಿನ ನಡುವೆ ಇರುವ ಡಿಫರೆನ್ಷಿಯಲಿನ (ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಉಬ್ಬು. ಸಸ್ಪೆನ್ಷನ್ ಎಷ್ಟೇ ಎತ್ತಿದರೂ ಅದು ಒಂದು ಕೂದಲಿನಷ್ಟೂ ಮೇಲೇಳುವುದಿಲ್ಲ! ಆ್ಯಕ್ಸಲ್ ಚಕ್ರದ ನಡುವಿನಲ್ಲಿರುವುದರಿಂದ ಅದನ್ನು ಎತ್ತುವುದು ಟೈರು ಮಾತ್ರ, ಅದೂ ವ್ಯಾಸ ಹೆಚ್ಚಾದುದರ ಅರ್ಧದಷ್ಟು. ಉದಾಹರಣೆಗೆ 17 ಇಂಚಿನ ರಿಮ್ಮಿನಲ್ಲಿ 265/65 ಬದಲು 265/70 ಟೈರು ಹಾಕಿದರೆ ಸಿಗುವುದು ಸುಮಾರು 13 ಮಿ.ಮೀ. ನಮ್ಮ ಸಮಸ್ಯೆ ಕೇಳಿದ ಕೂಡಲೇ ಯಾವ ಪ್ರಾಮಾಣಿಕ ಗ್ಯಾರೇಜಿನವನಾದರೂ ಹೇಳಬೇಕಿದ್ದ ಮಾತು ಇದು. ಕೊನೆಗೆ ಆ ಚಡಾವಿನ ಹೊಂಡಗಳಿಗೆ ಮುರಕಲ್ಲು ತುಂಡು ತುಂಬಿಸಿ, ನೀರಿಗೆ ಪಕ್ಕದಲ್ಲಿ ಕಣಿ ತೋಡಿಸಿದೆವು. ಗಾಡಿ ಈಗ ಕಂಪನಿಯ ಎತ್ತರದಲ್ಲಿಯೇ ಹತ್ತುತ್ತದೆ.

ಹಾಗೆಂದು ಸಸ್ಪೆನ್ಷನ್ ಕೆಲಸವೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಯಮಕ್ಕೆ ಒಪ್ಪುವಂತೆ, ಹೊರೆಗೆ ತಕ್ಕಂತೆ ಮಾಡುವ ಸರಿಯಾದ ಕೆಲಸ ಇದೆ. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಓಲ್ಡ್ ಮ್ಯಾನ್ ಇಮು ಪಟ್ಟಿ ನೋಡಿ: ಅಲ್ಲಿ ಸ್ಪ್ರಿಂಗನ್ನು ವಿಂಗಡಿಸಿರುವುದೇ ಭಾರದ ಮೇಲೆ. ಮುಂದೆ ಬಂಪರ್ ಇದೆಯೇ, ಗಾಡಿ ಎಳೆಯುವ ಹಗ್ಗದ ವಿಂಚ್ ಇದೆಯೇ, ಹಿಂದೆ ಸದಾ ಇರುವ ಹೊರೆ ಎಷ್ಟು ಕಿಲೋ ಎಂಬುದನ್ನು ನೋಡಿ ಸ್ಪ್ರಿಂಗ್ ಆರಿಸಬೇಕು. ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಜೊತೆಗೇ ಬರಬೇಕು. ಹಿಂದೆ ಬ್ಲಾಕಿನ ಬದಲು ಪ್ಲೇಟಿನ ಕಟ್ಟನ್ನೇ ಬದಲಿಸಬೇಕು. ಮುಂದೆ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಪಿಕಪ್‌ಗಳಿಗೆ 50 ಮಿ.ಮೀ. ದಾಟಿದ ಮೇಲೆ ಆರ್ಮ್, ಡ್ರೈವ್ ಶಾಫ್ಟಿನ ಕೋನ, ಬ್ರೇಕ್ ಹೋಸ್, ಎಬಿಎಸ್ ತಂತಿ ಎಲ್ಲವನ್ನೂ ಲೆಕ್ಕ ಹಾಕದೆ ಕೈ ಹಾಕಬಾರದು. ಉದ್ದದ ಶ್ಯಾಕಲ್ (ಲೀಫ್ ಪ್ಲೇಟಿನ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಹಾಕಿ ಎತ್ತರ ಕೊಡುತ್ತೇವೆ ಎನ್ನುವವರಿಗೆ ಬೇಡ ಎನ್ನಿ. ಉದ್ದ ಹೆಚ್ಚಿಸಿದ್ದರ ಅರ್ಧದಷ್ಟೇ ಎತ್ತರ ಸಿಗುತ್ತದೆ, ಆ್ಯಕ್ಸಲಿನ ಓರೆ ಬೇರೆ ಬದಲಾಗುತ್ತದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆ್ಯಕ್ಸಲಿಗೂ ಚಾಸಿಗೂ ನಡುವೆ ಸರಳು ಇಟ್ಟು ಹೊರೆಯನ್ನು ಅಳೆಯುವ ಬ್ರೇಕ್ ವಾಲ್ವ್ ಇರುತ್ತದೆ. ಹಿಂಭಾಗ ಎತ್ತಿ ಆ ಸರಳನ್ನು ಹೊಂದಿಸದಿದ್ದರೆ ಗಾಡಿ ಖಾಲಿ ಇದೆ ಎಂದೇ ವಾಲ್ವ್ ಭಾವಿಸಿ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತದೆ. ಘಾಟಿಯಲ್ಲಿ ಇದರ ಅರ್ಥ ಏನೆಂದು ಹೇಳಬೇಕಾಗಿಲ್ಲ.

ಈಗಾಗಲೇ ಬ್ಲಾಕು ಹಾಕಿಸಿಕೊಂಡು ಓಡಿಸುತ್ತಿರುವವರು ನಾಳೆಗೆ ಮುಂದೂಡಬೇಡಿ. ಸಮತಟ್ಟಿನಲ್ಲಿ ನಿಲ್ಲಿಸಿ, ಎರಡೂ ಹಿಂಚಕ್ರ ಮಡ್‌ಗಾರ್ಡಿನ ನಡುವೆ ಒಂದೇ ಸಮ ಇವೆಯೇ ಎಂದು ಅಳೆಯಿರಿ. ಬ್ಲಾಕಿನ ಮೇಲೂ ಕೆಳಗೂ ಹೊಳೆಯುವ ಗೆರೆಯೋ ತುಕ್ಕಿನ ಹುಡಿಯೋ ಕಂಡರೆ ಅದು ಅಲುಗಾಡುತ್ತಿದೆ ಎಂದರ್ಥ. ಯು-ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್), ನಿಮ್ಮ ಗಾಡಿಯ ಕೈಪಿಡಿಯ ಅಳತೆಗೆ ಪರೀಕ್ಷಿಸಿ. ಒಂದು ಸಡಿಲವಿದ್ದರೂ ಮತ್ತೆ ಬಿಗಿದು ಹೊರಡಬೇಡಿ. ಬಿಚ್ಚಿಸಿ, ಬ್ಲಾಕು ಪೊಳ್ಳೋ ಗಟ್ಟಿಯೋ ಎಂದು ಕಣ್ಣಾರೆ ನೋಡಿ. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟನ್ನು ಮತ್ತೆ ಬಳಸಬಾರದು, ಹೊಸದನ್ನೇ ಹಾಕಿಸಿ. ಜ್ಯಾಕ್ ಮೇಲೆ ಚಾಸಿಯನ್ನು ಎತ್ತಿ ಚಕ್ರ ಪೂರ್ತಿ ಜೋತುಬಿದ್ದಾಗ ಬ್ರೇಕ್ ಹೋಸ್ ಬಿಗಿಯುತ್ತದೆಯೇ ಎಂದೂ ನೋಡಿಸಿ. ಇಷ್ಟು ಆಗುವವರೆಗೆ ಆಗುಂಬೆ, ಚಾರ್ಮಾಡಿ, ಶಿರಾಡಿ ಯಾವ ಘಾಟಿಗೂ ಹೊರೆ ಹೇರಿಕೊಂಡು ಹೋಗಬೇಡಿ.