ಹತ್ತಿ ಗಂಜಿನೊಳಗೆ ಫ್ಯಾನಿಲ್ಲದ ಕಂಪ್ಯೂಟರ್: ರಾಸ್ಪ್‌ಬೆರಿ ಪೈ 400 ಬಳಸಿದವರ ಮಾತು

ಈ ರಾಸ್ಪ್‌ಬೆರಿ ಪೈ 400ರಲ್ಲಿ ಫ್ಯಾನ್ ಇಲ್ಲ. ನಾನು ಬರೆಯೋಕೆ ಕೂತಿರೋದೇ ಇದನ್ನು ಹೇಳೋಕೆ. ಪ್ರೊಸೆಸರ್ ಯಾವುದು, ಪೋರ್ಟ್ ಎಷ್ಟು ಅನ್ನೋದೆಲ್ಲ ನೀವು ಆಗಲೇ ನೋಡಿರುತ್ತೀರಿ. 2020ರ ನವೆಂಬರ್‌ನಲ್ಲಿ ಬಂದ ಯಂತ್ರ, ಈಗ ಹೊಸದೂ ಅಲ್ಲ. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಕಂಪ್ಯೂಟರ್ ಇದೆ, ಒಳಗೆ ವಿಂಡೋಸ್ ಬದಲು ಲಿನಕ್ಸ್ ಓಡುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ನಮ್ಮದು ಅಡತಿ ಅಂಗಡಿ, ಅಂದರೆ ರೈತರ ಮಾಲು ಮಾರಿಸಿಕೊಡೋ ಅಂಗಡಿ. ಹತ್ತಿ, ತೊಗರಿ, ಭತ್ತ ಎಲ್ಲಾ ಬರುತ್ತದೆ, ಆದರೆ ಹತ್ತಿಯ ಕಾಲ ಬಂದರೆ ಉಳಿದದ್ದೆಲ್ಲ ಹಿಂದೆ. ಅಂಡಿಗೆ, ಅಂದರೆ ಹತ್ತಿಯ ಮೂಟೆ, ಬಿಚ್ಚಿದ ಕೂಡಲೇ ಎಳೆ ಹಾರೋಕೆ ಶುರು. ಚಹಾದೊಳಗೆ ಬೀಳುತ್ತದೆ, ಮೀಸೆಗೆ ಅಂಟುತ್ತದೆ, ದೇವರ ಫೋಟೋದ ಹಾರದ ಮೇಲೆ ಕೂರುತ್ತದೆ. ಫ್ಯಾನ್ ಇರೋ ಕಂಪ್ಯೂಟರ್ ಅಂದರೆ ಅದಕ್ಕೆ ಇನ್ನೂ ಪ್ರೀತಿ. ಫ್ಯಾನ್ ಗಾಳಿ ಎಳೆದುಕೊಳ್ಳುವಾಗ ಹತ್ತಿಯನ್ನೂ ಎಳೆದುಕೊಳ್ಳುತ್ತದೆ. ನಮ್ಮ ಹಳೆಯ ಡೆಸ್ಕ್‌ಟಾಪ್ ಬಿಚ್ಚಿದಾಗೆಲ್ಲ ಫ್ಯಾನಿನ ಅಚ್ಚಿಗೆ ಎಳೆ ಸುತ್ತಿಕೊಂಡು ದೀಪದ ಬತ್ತಿಯ ಹಾಗೆ ಹೊಸೆದುಹೋಗಿರುತ್ತಿತ್ತು. ಫ್ಯಾನ್ ನಿಂತರೆ ಪ್ರೊಸೆಸರ್ ಬಿಸಿಯಾಗುತ್ತದೆ, ಬಿಸಿ ಏರಿದರೆ ಯಂತ್ರ ತಾನಾಗೇ ಬಂದ್ ಆಗುತ್ತದೆ. ಅದೂ ಎಂಥ ಹೊತ್ತಿನಲ್ಲಿ? ತೂಕ ಮುಗಿದು, ರೈತರು ಪಟ್ಟಿಗಾಗಿ, ಅಂದರೆ ಮಾರಾಟದ ಲೆಕ್ಕದ ಚೀಟಿಗಾಗಿ, ಕಟ್ಟೆ ಮೇಲೆ ಕೂತಾಗ.

ಪೈ 400ರ ಒಳಗೆ ಫ್ಯಾನಿನ ಬದಲು ಅಗಲವಾದ ಲೋಹದ ಹಲಗೆ ಇದೆ. ಚಿಪ್ಪಿನ ಬಿಸಿ ಹಲಗೆಗೆ ಹರಡುತ್ತದೆ, ಹಲಗೆಯಿಂದ ನಿಧಾನಕ್ಕೆ ಹೊರಗೆ ಹೋಗುತ್ತದೆ. ಯಾವುದೂ ತಿರುಗೋದಿಲ್ಲ, ಯಾವುದೂ ಎಳೆಯೋದಿಲ್ಲ. ಹತ್ತಿ ಮೇಲೆ ಕೂರುತ್ತದೆ, ಬ್ರಶ್ ಹೊಡೆದರೆ ಹೋಗುತ್ತದೆ. ಅಷ್ಟೇ. ಸೀಸನ್ ಮೇಲೆ ಸೀಸನ್ ಕಳೆದರೂ ಇದನ್ನು ಬಿಚ್ಚೋ ಪ್ರಸಂಗ ಬಂದಿಲ್ಲ.

ನಮ್ಮೂರ ಬಿಸಿಲು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನನಗೂ ಅದೇ ಅಂಜಿಕೆ ಇತ್ತು. ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಚಿಪ್ಪಿನ ಬಿಸಿ ಎಷ್ಟು ಅಂತ ಕಾಣುತ್ತದೆ. ಮೇ ತಿಂಗಳ ಮಧ್ಯಾಹ್ನ, ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿರುವಾಗಲೂ ಅರವತ್ತು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಎಂಬತ್ತು ದಾಟಿದರೆ ಅದು ತಾನಾಗೇ ವೇಗ ತಗ್ಗಿಸಿಕೊಳ್ಳುತ್ತದೆ. ಲೆಕ್ಕದ ಹಾಳೆ, ಬ್ರೌಸರ್, ಒಂದಿಷ್ಟು ಪಿಡಿಎಫ್, ಇಷ್ಟರಲ್ಲಿ ಅಲ್ಲಿಗೆ ಹೋಗೋ ಮಾತೇ ಇಲ್ಲ. ಕೀಲಿಗಳ ಕೆಳಗೆ ಅಂಗೈ ಬೆಚ್ಚಗಾಗುತ್ತದೆ ಅನ್ನೋದು ನಿಜ. ಡಿಸೆಂಬರ್‌ನಲ್ಲಿ ಹಿತ, ಏಪ್ರಿಲ್‌ನಲ್ಲಿ ಬೇಜಾರು.

ಬೆಳಿಗ್ಗೆ ನನ್ನ ಕೆಲಸದ ಕ್ರಮ ಹೀಗಿದೆ. ಅಂಗಡಿ ಬಾಗಿಲು ತೆಗೆದು, ಕಸ ಹೊಡೆಸಿ, ಊದುಬತ್ತಿ ಹಚ್ಚಿದ ಮೇಲೆ ಬಟ್ಟೆಚೀಲದಿಂದ ಇದನ್ನು ತೆಗೆಯುತ್ತೇನೆ. ಹೌದು, ರಾತ್ರಿ ಇದು ವಹಿ ಪುಸ್ತಕಗಳ ಜೊತೆ ನನ್ನ ಸಂಗಡ ಮನೆಗೆ ಬರುತ್ತದೆ. ಮಾನಿಟರ್ ಅಂಗಡಿಯಲ್ಲೇ ಉಳಿಯುತ್ತದೆ. ಮೊದಲು ಪೇಂಟಿನ ಅಗಲ ಬ್ರಶ್‌ನಿಂದ ಕೀಲಿಗಳ ಸಂದು ಗುಡಿಸುತ್ತೇನೆ, ಎಡದಿಂದ ಬಲಕ್ಕೆ, ಆಮೇಲೆ ಬೋರಲು ಹಾಕಿ ಬೆನ್ನಿಗೆ ಎರಡು ಏಟು. ಆಮೇಲೆ ವೈರು. ಕರೆಂಟ್ ಕೊಟ್ಟ ಕೂಡಲೇ ತಾನಾಗೇ ಶುರುವಾಗುತ್ತದೆ. ಸಂಜೆ ಎಫ್ಎನ್ ಜೊತೆ ಎಫ್10 ಒತ್ತಿ ಹಿಡಿದರೆ ಬಂದ್. ಹಳೆಯ ಡಬ್ಬಿ ಇದ್ದಾಗ ಮೇಜಿನ ಕೆಳಗೆ ಬಗ್ಗಿ ಬಟನ್ ಹುಡುಕಬೇಕಿತ್ತು. ಈಗ ಬಗ್ಗೋದು ತಪ್ಪಿದೆ, ನನ್ನ ಸೊಂಟಕ್ಕೆ ಅದೇ ದೊಡ್ಡ ಸೌಲಭ್ಯ.

ಅಂಗಡಿಗೆ ಬಂದವರಿಗೆ ಇದು ಕಂಪ್ಯೂಟರ್ ಅಂತ ನಂಬಿಕೆಯೇ ಬರೋದಿಲ್ಲ. ಮಾನ್ವಿ ಕಡೆಯ ರೈತರೊಬ್ಬರು ಮೇಜಿನ ಕೆಳಗೆ ಹಣಕಿ ನೋಡಿ, 'ಸಾವ್ಕಾರ್ರ, ಡಬ್ಬಿ ಎಲ್ಲೈತ್ರೀ?' ಅಂದರು. ಇದೇ ಅಂತ ತೋರಿಸಿದರೆ, 'ಚೇಷ್ಟಿ ಮಾಡಬ್ಯಾಡ್ರೀ' ಅಂದುಬಿಟ್ಟರು. ಇದರಲ್ಲಿ ಒಂದು ಅಪಾಯವೂ ಇದೆ. ಬರೀ ಕೀಬೋರ್ಡ್ ಅಂದುಕೊಂಡು ಹಮಾಲರು ಚಹಾದ ಗ್ಲಾಸನ್ನು ಪಕ್ಕದಲ್ಲೇ ಇಡುತ್ತಾರೆ. ಮಾಮೂಲಿ ಕೀಬೋರ್ಡಿನ ಮೇಲೆ ಚಹಾ ಬಿದ್ದರೆ ಹೋಗೋದು ಕೆಲವು ನೂರು ರೂಪಾಯಿ. ಇಲ್ಲಿ ಎಲ್ಲವೂ ಹೋಗುತ್ತದೆ.

ಕನ್ನಡಕ್ಕೆ ಇದು ಒಳ್ಳೆಯ ಯಂತ್ರ. ಐಬಸ್ ಅನ್ನೋ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪೊಟ್ಟಣ ಹಾಕಿಕೊಂಡರೆ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿ ಇದ್ದವರ ಬೆರಳು ಎಡವೋದಿಲ್ಲ. ಲೋಹಿತ್, ನವಿಲು, ಗುಬ್ಬಿ ಅಕ್ಷರಗಳು ಪುಕ್ಕಟೆ. ಲಿಬ್ರೆ ಆಫೀಸ್‌ನ ಹಾಳೆಯಲ್ಲಿ ಪಟ್ಟಿಯ ನಮೂನೆ ಮಾಡಿಟ್ಟಿದ್ದೇನೆ. ರೈತರ ಹೆಸರು, ಊರು, ಅಂಡಿಗೆ ಎಷ್ಟು, ತೂಕ, ದರ, ಹಮಾಲಿ, ಎಲ್ಲಾ ಕನ್ನಡದಲ್ಲೇ. ನಮ್ಮ ಮುನೀಮರು ಮೊದಲು ಲಿನಕ್ಸ್ ಅಂದರೆ ಮುಖ ಸಿಂಡರಿಸಿದರು. ಕೆಜಿಪಿ ಇದೆ ಅಂದ ಮೇಲೆ ಒಂದು ಮಾತೂ ಆಡಲಿಲ್ಲ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ಪ್ರಿಂಟರ್.

ನಮ್ಮಲ್ಲಿ ಹಳೆಯ, ಗಟ್ಟಿ ಲೇಸರ್ ಪ್ರಿಂಟರ್ ಇತ್ತು. ಗಂಜ್‌ನಲ್ಲಿ ಅರ್ಧ ಅಂಗಡಿಗಳಲ್ಲಿ ಅದೇ ಇದೆ, ಟೋನರ್ ತುಂಬೋ ಹುಡುಗ ಸೈಕಲ್ ಮೇಲೆ ಬರುತ್ತಾನೆ. ಅದನ್ನು ಪೈಗೆ ಸಿಕ್ಕಿಸಿದರೆ ಏನೂ ಇಲ್ಲ, ಉಸಿರೇ ಇಲ್ಲ. ಆ ಕಂಪನಿ ಲಿನಕ್ಸ್‌ಗೆ ಡ್ರೈವರ್, ಅಂದರೆ ಪ್ರಿಂಟರ್ ನಡೆಸೋ ತಂತ್ರಾಂಶ, ಕೊಟ್ಟಿದೆ, ಆದರೆ ಇಂಟೆಲ್ ಮಾದರಿಯ ಪ್ರೊಸೆಸರ್‌ಗೆ ಮಾತ್ರ. ಪೈ ಒಳಗಿರೋದು ಎಆರ್‌ಎಂ, ಫೋನಿನಲ್ಲಿ ಇರುತ್ತಲ್ಲ ಆ ಜಾತಿ. ಡ್ರೈವರಿನ ಮೂಲ ಕೋಡ್ ಹೊರಗೆ ಬಿಟ್ಟಿದ್ದರೆ ಯಾರೋ ಒಬ್ಬ ಪುಣ್ಯಾತ್ಮ ಎಆರ್‌ಎಂಗೂ ಕಟ್ಟಿ ಕೊಡುತ್ತಿದ್ದ. ಅದನ್ನೂ ಬಿಟ್ಟಿಲ್ಲ. ನನಗೆ ಸಿಟ್ಟು ಬಂದಿದ್ದು ಪೈ ಮೇಲಲ್ಲ. ಸುಮ್ನೆ ಕೂತು ಹಾಳೆ ನುಂಗುತ್ತಿದ್ದ ಚೆಂದದ ಯಂತ್ರವನ್ನು ಒಂದು ಫೈಲ್ ಕೊಡದೆ ಮೂಲೆಗೆ ಕೂರಿಸುತ್ತಾರಲ್ಲ, ಅದರ ಮೇಲೆ.

ಕೊನೆಗೆ ಡ್ರೈವರೇ ಬೇಡದ ಪ್ರಿಂಟರ್ ತಂದೆ. ಏರ್‌ಪ್ರಿಂಟ್ ಅಥವಾ ಐಪಿಪಿ ಅಂತ ಡಬ್ಬಿ ಮೇಲೆ ಬರೆದಿದ್ದರೆ ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳೋ ಕಪ್ಸ್ ತಾನಾಗೇ ಹುಡುಕಿಕೊಳ್ಳುತ್ತದೆ. ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ಎಂಟು ಸಾವಿರದ ಆಸುಪಾಸಿನ ಕಂಪ್ಯೂಟರ್‌ಗೆ ಹನ್ನೆರಡು ಸಾವಿರದ ಪ್ರಿಂಟರ್! ಇದು ಉಳಿತಾಯ ಅಂತ ಮನೆಯಲ್ಲಿ ಹೇಳಿ ಒಪ್ಪಿಸೋದು ಕಷ್ಟ. ಡಿಜಿಟಲ್ ಸಹಿಗೆ ಸಿಕ್ಕಿಸೋ ಯುಎಸ್‌ಬಿ ಡಾಂಗಲ್‌ದೂ ಇದೇ ಕಥೆ, ನಮ್ಮದಕ್ಕೆ ಎಆರ್‌ಎಂ ಡ್ರೈವರ್ ಇಲ್ಲ. ಆ ಕೆಲಸವನ್ನು ತೆರಿಗೆ ಸಲಹೆಗಾರರಿಗೇ ಬಿಟ್ಟಿದ್ದೇನೆ. ಗಂಜ್‌ನಲ್ಲಿ ಎಲ್ಲರೂ ಬಳಸೋ ಲೆಕ್ಕದ ತಂತ್ರಾಂಶ ವಿಂಡೋಸ್‌ನದ್ದು, ಇಲ್ಲಿ ಅದರ ಆಸೆ ಬಿಡಿ. ಅದು ಬೇಕೇ ಬೇಕು ಅನ್ನೋರು ಈ ಯಂತ್ರ ಕೊಳ್ಳಬೇಡಿ.

ಇನ್ನು ಕರೆಂಟ್. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1720 ಮೆಗಾವಾಟ್‌ನ ಶಾಖೋತ್ಪನ್ನ ಸ್ಥಾವರ ಇದೆ, 1985ರಿಂದ ಊರೂರಿಗೆ ಬೆಳಕು ಕೊಡುತ್ತಿದೆ. ನಮ್ಮ ಅಂಗಡಿಯ ಸಾಲಿನಲ್ಲಿ ಮಾತ್ರ ಮಧ್ಯಾಹ್ನ ಕರೆಂಟ್ ಹೋಗೋದು ಹೋಗುತ್ತಲೇ ಇರುತ್ತದೆ. ಪೈಗೆ ಬ್ಯಾಟರಿ ಇಲ್ಲ. ಒಳ್ಳೆಯದೇನೆಂದರೆ ಇದರ ಅಡಾಪ್ಟರ್ ಜಾಸ್ತಿ ಅಂದರೆ 15 ವಾಟ್ ಕೊಡುತ್ತದೆ. ಲೈಟು, ಫ್ಯಾನಿಗೆ ಅಂತ ಹಾಕಿಸಿದ್ದ ಇನ್ವರ್ಟರ್‌ಗೆ ಇದು ಲೆಕ್ಕಕ್ಕೇ ಇಲ್ಲ. ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿ ಇಡಿ, ಇಲ್ಲದಿದ್ದರೆ ಬದಲಾಗೋ ಕ್ಷಣದಲ್ಲಿ ಯಂತ್ರ ಮತ್ತೆ ಶುರುವಾಗಬಹುದು. ಹಾಗೆ ಪದೇ ಪದೇ ಆದರೆ ಲಿನಕ್ಸ್ ಕೂತಿರೋ ಮೆಮೊರಿ ಕಾರ್ಡ್ ಕೆಡುತ್ತದೆ. ಕಾರ್ಡನ್ನು ನಂಬೋದಕ್ಕಿಂತ ಯುಎಸ್‌ಬಿಗೆ ಒಂದು ಎಸ್‌ಎಸ್‌ಡಿ ಡಿಸ್ಕ್ ಹಾಕಿ ಅದರಿಂದಲೇ ಶುರು ಮಾಡಿಸಿ. ವೇಗವೂ ಬರುತ್ತದೆ. ನಾನಂತೂ ಮೊದಲ ಚಳಿಗಾಲದಲ್ಲೇ ಎಸ್‌ಎಸ್‌ಡಿಗೆ ಬದಲಾದೆ.

ನಮ್ಮಂಥ ಅಂಗಡಿಯವರು ಗಮನಿಸಬೇಕಾದ್ದು ಇನ್ನೊಂದು. ಪೈ 400ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಸಮಯವನ್ನು ಇಂಟರ್ನೆಟ್‌ನಿಂದ ಕೇಳಿಕೊಳ್ಳುತ್ತದೆ. ನೆಟ್ ಇಲ್ಲದ ಬೆಳಿಗ್ಗೆ ಅದು ನಿನ್ನೆ ಬಂದ್ ಮಾಡಿದ ಹೊತ್ತಿನಿಂದ ಎಣಿಕೆ ಮುಂದುವರಿಸುತ್ತದೆ. ಪಟ್ಟಿಯ ಮೇಲೆ ನಿನ್ನೆಯ ತಾರೀಖು ಬಂದರೆ ವ್ಯಾಪಾರದಲ್ಲಿ ಏನೇನು ಮಾತು ಬರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಿಂಬದಿಯಲ್ಲಿ ನಲವತ್ತು ಪಿನ್ನಿನ ಸಾಲು ಇದೆ. ಡಿಎಸ್3231 ಅನ್ನೋ ಪುಟ್ಟ ಗಡಿಯಾರದ ಬೋರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಗುಂಡು ಸೆಲ್ ಹಾಕಿ ಅಲ್ಲಿ ಸಿಕ್ಕಿಸಿದರೆ ಆಯಿತು. ಇಂಜಿನಿಯರಿಂಗ್ ಓದೋ ನನ್ನ ತಂಗಿ ಮಗ ಚಹಾ ಕುಡಿಯೋದರೊಳಗೆ ಜೋಡಿಸಿ ಹೋದ.

ರಾತ್ರಿ ಮನೆಯಲ್ಲಿ ಇದೇ ಯಂತ್ರ ಟಿವಿಗೆ ಹೋಗುತ್ತದೆ. ಮಗಳು ಸ್ಕ್ರ್ಯಾಚ್ ಅನ್ನೋ ಮಕ್ಕಳ ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಬೆಕ್ಕು ಕುಣಿಸುತ್ತಾಳೆ. ಆಟ ಬೇಕೆಂದರೆ ನಾನು ಲೆಕ್ಕ ಮುಗಿಸೋ ತನಕ ಕಾಯಬೇಕು ಅನ್ನೋದೇ ಅವಳ ತಕರಾರು. ಇಯರ್‌ಫೋನ್ ಸಿಕ್ಕಿಸೋ ತೂತು ಇಲ್ಲ, ಹಾಗಾಗಿ ಅವಳ ಬೆಕ್ಕಿನ 'ಮ್ಯಾಂವ್' ಟಿವಿಯಿಂದ ಇಡೀ ಮನೆಗೆ ಕೇಳಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಪೈ 500 ಬಂದಿದೆ, 8 ಜಿಬಿ ರ‍್ಯಾಮ್, ಇದಕ್ಕಿಂತ ಚುರುಕು. ಅದರಲ್ಲೂ ಫ್ಯಾನ್ ಇಲ್ಲ. ಈಗ ಹೊಸದಾಗಿ ಕೊಳ್ಳೋರು ಅದನ್ನೇ ನೋಡಿ. ಪಟ್ಟಿ ಬರೆಯೋಕೆ ನನಗೆ ಈ 4 ಜಿಬಿ ಸಾಕು, ಕ್ರೋಮಿಯಂ ಬ್ರೌಸರ್‌ನಲ್ಲಿ ಜಾಸ್ತಿ ಟ್ಯಾಬ್ ತೆರೆದಾಗ ಮಾತ್ರ ಏದುಸಿರು ಬಿಡುತ್ತದೆ.

ಯಾವುದನ್ನೇ ಕೊಂಡರೂ ಮೊದಲು ನಿಮ್ಮ ಪ್ರಿಂಟರಿನ ಮಾಡೆಲ್ ನಂಬರ್ ಬರೆದುಕೊಂಡು, ಅದಕ್ಕೆ ಎಆರ್‌ಎಂ ಲಿನಕ್ಸ್ ಡ್ರೈವರ್ ಇದೆಯಾ ಅಂತ ಹುಡುಕಿ. ಜೊತೆಗೆ ಮಾನಿಟರ್‌ಗೆ ಸಿಕ್ಕಿಸೋ ಮೈಕ್ರೋ ಎಚ್‌ಡಿಎಂಐ ಕೇಬಲ್ ಎರಡು ತರಿಸಿಟ್ಟುಕೊಳ್ಳಿ. ಮಾಮೂಲಿ ಕೇಬಲ್ ಇದಕ್ಕೆ ಹಿಡಿಸೋದಿಲ್ಲ, ಹಾಳಾದ ದಿನ ನಮ್ಮೂರ ಅಂಗಡಿಗಳಲ್ಲಿ ಕೇಳಿದರೆ ಫೋನ್ ಚಾರ್ಜರಿನ ವೈರ್ ತೆಗೆದು ಕೊಡುತ್ತಾರೆ.